ನಡುವೆ ನಿಂತ ಮುಳ್ಳು

ಜೀವಿತಾಗೆ ಕೋಪ ಬಂದು ಆ ಸೋಮವಾರಕ್ಕೆ ಹದಿನಾರು ದಿನ. ಬೇರೆಯವರಿಗೆ ಕೋಪ ಬಂದರೆ ಒಂದು ಹೊತ್ತು ಊಟ ಬಿಡುತ್ತಾರೆ, ಎರಡು ಪಾತ್ರೆ ಕುಕ್ಕುತ್ತಾರೆ, ಮುಗಿಯಿತು. ಇವಳದು ಹಾಗಲ್ಲ. ಬೆಳಿಗ್ಗೆ ಇವಳಿಗಿಂತ ಮೊದಲೇ ಎದ್ದು ಕೂತಿರುತ್ತಿತ್ತು. ಟೀ ತೋಟಕ್ಕೆ ಹೋದರೆ ಅಲ್ಲಿಗೂ ಹಿಂದೆಯೇ ಬರುತ್ತಿತ್ತು. ಚಿಗುರು ಕೀಳುವ ಕೈಗೆ ಬಲಿತ ಎಲೆ, ಕಡ್ಡಿ ಎಲ್ಲ ಸೇರಿ ಬರುವುದನ್ನು ನೋಡಿದ ಪಕ್ಕದ ಮನೆಯ ಪಂಕಜಂ, "ಏನಕ್ಕಾ, ಎಲೆ ಕೀಳ್ತಾ ಇದ್ದೀಯೋ, ಯಾರದಾದರೂ ತಲೆಗೂದಲು ಕೀಳ್ತಾ ಇದ್ದೀಯೋ?" ಎಂದು ಕೇಳಿದ್ದಳು.

ಯಾರ ತಲೆಗೂದಲು ಎಂಬುದು ಹಟ್ಟಿಗೆಲ್ಲ ಗೊತ್ತಿತ್ತು. ರಾಜೇಶ್‌ಕುಮಾರನದು. ಜೀವಿತಾಳ ಗಂಡ ದಿನೇಶನಿಗೆ ಅವನು ದೊಡ್ಡಪ್ಪನ ಮಗ, ಆದ್ದರಿಂದ ಇವಳಿಗೆ ಬಾವ. ಊರ ಸಂಘದ ಕಾರ್ಯದರ್ಶಿ ಬೇರೆ. ಕಾರ್ಯದರ್ಶಿ ಎಂದರೆ ಹಟ್ಟಿಯಲ್ಲಿ ನಡೆದ ಒಳ್ಳೆಯದೆಲ್ಲ ತನ್ನಿಂದ, ಕೆಟ್ಟದ್ದೆಲ್ಲ ಬೇರೆಯವರಿಂದ ಎಂದು ಗಟ್ಟಿಯಾಗಿ ಹೇಳಬಲ್ಲವನು. ಅವನು ಜೀವಿತಾಳ ತಲೆಯ ಮೇಲೆ ಗೂಬೆ ಕೂರಿಸಿದ್ದ.

ಕಟ್ಟಬೆಟ್ಟಿನಿಂದ ಎರಡು ತಿರುವು ಕೆಳಗಿರುವ ಆ ಹಟ್ಟಿಗೆ ಒಂದು ಊರ ಕಾರು ಇತ್ತು. ಇಪ್ಪತ್ತೈದು ವರ್ಷದ ಹಳೇ ಡೀಸೆಲ್ ಕಾರು. ಯಾರಿಗಾದರೂ ಹೊಟ್ಟೆನೋವು, ಹೆರಿಗೆ, ಜ್ವರ ಎಂದರೆ ಕೋತಗಿರಿಗೋ ಊಟಿಗೋ ಕರೆದೊಯ್ಯಲು ಸಂಘದವರು ಸೇರಿ ತಂದದ್ದು. ಹಗಲು ಹೊತ್ತಿನಲ್ಲಿ ಗಂಡಸರು ಕೆಲಸಕ್ಕೆ ಹೋಗಿರುತ್ತಾರೆ, ಕಾಯಿಲೆಗೆ ಅದು ಗೊತ್ತಿರುವುದಿಲ್ಲ. ತವರಿನಲ್ಲಿ ಅಪ್ಪನ ಟೀ ಎಲೆ ಸಾಗಿಸುವ ವ್ಯಾನು ಓಡಿಸಿ ಪಳಗಿದ್ದ ಜೀವಿತಾಳ ಕೈಗೆ ಮೂರು ವರ್ಷದ ಹಿಂದೆ ಕೀ ಬಂತು. ಹಟ್ಟಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷದಲ್ಲಿ ಇದು ನಿನ್ನದು ಎಂದು ಯಾರಾದರೂ ಕೊಟ್ಟದ್ದು ಅದೊಂದೇ. ರಾತ್ರಿ ಆ ಕೀಯನ್ನು ಅವಳು ದೇವರ ಪಟದ ಮೊಳೆಗೆ ತೂಗುಹಾಕುತ್ತಿದ್ದಳು. ಈಗ ಹದಿನಾರು ದಿನದಿಂದ ಆ ಮೊಳೆ ಖಾಲಿ.

ನಡೆದದ್ದು ಇಷ್ಟು. ರಾಜೇಶ್‌ಕುಮಾರನ ತಾಯಿಯ ಹೆಸರು ಮಾತಿ. ಅವತ್ತು ಬೆಳಿಗ್ಗೆ ಅವಳಿಗೆ ಉಸಿರು ಕಟ್ಟಿತು. ಕೋತಗಿರಿಯ ಡಾಕ್ಟರು ನೋಡಿ, ತಡಮಾಡದೆ ಊಟಿಗೆ ಒಯ್ಯಿರಿ ಎಂದರು. ಹಿಂದಿನ ಸೀಟಿನಲ್ಲಿ ಮಗನ ತೊಡೆಯ ಮೇಲೆ ತಲೆಯಿಟ್ಟು ಮುದುಕಿ, ಮುಂದೆ ಸ್ಟೀರಿಂಗ್ ಹಿಡಿದು ಜೀವಿತಾ. ದೊಡ್ಡಬೆಟ್ಟದ ಕಡೆಯ ಏರು ಹತ್ತುವಾಗ ಮೊದಲು ಮೂಗಿಗೆ ಒಂದು ವಾಸನೆ ಬಡಿಯಿತು, ಕಾದ ಕಬ್ಬಿಣದ್ದು, ಸುಟ್ಟ ರಬ್ಬರಿನದ್ದು. ಅವಳು ಇಂಜಿನ್ ಬಿಸಿ ತೋರಿಸುವ ಮೀಟರು ನೋಡಿದಳು. ಮುಳ್ಳು ನಡುಮಧ್ಯ ನಿಂತಿತ್ತು, ಕೆಂಪು ಗೆರೆಗೆ ಇನ್ನೂ ಎಷ್ಟೋ ದೂರ. ಇನ್ನೊಂದು ತಿರುವು ಹತ್ತಿದಾಗ ಬಾನೆಟ್ಟಿನ ಅಂಚಿನಿಂದ ಬಿಳಿ ಹಬೆ. ಆಮೇಲೆ, ಅವಳು ನೋಡುತ್ತಿದ್ದಂತೆಯೇ, ಮುಳ್ಳು ಸರ್ರನೆ ಕೆಳಗೆ ಬಿದ್ದು ತಣ್ಣಗಿನ ಗೆರೆಯಲ್ಲಿ ಮಲಗಿತು.

"ಬಾವ, ನಿಲ್ಲಿಸ್ತೇನೆ. ನೀರು ಹೋಗಿಬಿಟ್ಟಿದೆ," ಎಂದಳು.

ರಾಜೇಶ್‌ಕುಮಾರ ಹಿಂದಿನಿಂದ ಬಾಗಿ ಮೀಟರು ನೋಡಿದ. "ಏನು ನಿಲ್ಲಿಸೋದು? ಮುಳ್ಳು ಇಳಿದಿದೆ, ಕಣ್ಣಿಲ್ಲವಾ? ಇಂಜಿನ್ ತಣ್ಣಗಾಗಿದೆ! ಅವ್ವೆ ಸಾಯ್ತಾಳೆ, ಓಡಿಸು!"

ಅವಳು ಓಡಿಸಿದಳು. ಹದಿನಾರು ದಿನದ ಕೋಪದಲ್ಲಿ ಅರ್ಧ ಪಾಲು ಈ ಒಂದು ಮಾತಿನ ಮೇಲೆ, ಉಳಿದರ್ಧ ಆ ಮಾತು ಕೇಳಿದ ತನ್ನ ಕಾಲಿನ ಮೇಲೆ. ಅರ್ಧ ಮೈಲಿ ಹೋಗುವಷ್ಟರಲ್ಲಿ ಟಕಟಕ ಸದ್ದಾಗಿ ಇಂಜಿನ್ ನಿಂತೇಹೋಯಿತು. ಗೊಬ್ಬರ ಹೊತ್ತು ಮೇಲೆ ಹೋಗುತ್ತಿದ್ದ ಲಾರಿಯೊಂದು ದೇವರ ಹಾಗೆ ಬಂದಿರದಿದ್ದರೆ ಮಾತಿ ಆ ಏರಿನಲ್ಲೇ ಮುಗಿದುಹೋಗುತ್ತಿದ್ದಳು. ಆರು ದಿನ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಸಿಕೊಂಡು ಬದುಕಿ ಬಂದಳು.

ಆಸ್ಪತ್ರೆಯ ಬಾಗಿಲಲ್ಲೇ ರಾಜೇಶ್‌ಕುಮಾರ ಕೈ ಚಾಚಿ, "ಕೀ ಕೊಡು" ಎಂದ. ಸಂಜೆಯೊಳಗೆ ಹಟ್ಟಿಯ ತುಂಬ ಕಥೆ ಹಬ್ಬಿತು. ಜೀವಿತಾ ಮೀಟರು ನೋಡಲಿಲ್ಲ, ಕಾರನ್ನು ಕುದಿಸಿ ಕೆಡಿಸಿದಳು, ಅವ್ವೆಯನ್ನು ಕೊಲ್ಲುತ್ತಿದ್ದಳು. "ಹೆಂಗಸಿನ ಕೈಗೆ ಕೀ ಕೊಟ್ಟರೆ ಇದೇ" ಎಂಬುದನ್ನು ಅವನು ಕೊನೆಯಲ್ಲಿ ಸೇರಿಸುತ್ತಿದ್ದ, ಊಟದ ಕೊನೆಗೆ ಮಜ್ಜಿಗೆ ಸೇರಿಸುವ ಹಾಗೆ.

ದಿನೇಶ ಕೋತಗಿರಿಯ ಬೇಕರಿಯಲ್ಲಿ ವರ್ಕಿ ಬಿಸ್ಕತ್ತು ಸುಡುವವನು. ಒಳ್ಳೆಯ ಮನುಷ್ಯ. ಆದರೆ ಅಣ್ಣನ ಎದುರು ಬಾಯಿಗೆ ಬೀಗ. "ಬಿಡು, ಕೀ ಹೋದರೆ ಹೋಯಿತು. ನಮಗೇಕೆ?" ಎಂದ. ಅವತ್ತಿನಿಂದ ಜೀವಿತಾ ಅವನ ಜೊತೆಯೂ ಮಾತು ಬಿಟ್ಟಳು. ನಾಲ್ಕು ದಿನ ಕಳೆದ ಮೇಲೆ ಅವನು ಮೆಲ್ಲಗೆ, "ಸುಮ್ಮನಾಗಿದ್ದೀಯ. ಕೋಪ ಇಳೀತಾ?" ಎಂದು ಕೇಳಿದ.

"ನೀರು ಬತ್ತಿದರೂ ಮುಳ್ಳು ಇಳಿಯುತ್ತೆ," ಎಂದಳು ಜೀವಿತಾ. ಅವನಿಗೆ ಅರ್ಥವಾಗಲಿಲ್ಲ. ಅದಕ್ಕೂ ಅವಳಿಗೆ ಕೋಪ ಬಂತು.

ಮಾರನೆಯ ದಿನ ಅವಳು ಬಸ್ಸು ಹತ್ತಿ ಕೋತಗಿರಿಗೆ ಹೋದಳು. ಕಾರು ಅಲ್ಲಿ ದೇವ ಎಂಬ ಮೆಕ್ಯಾನಿಕ್ಕನ ಶೆಡ್ಡಿನಲ್ಲಿ ಬಾಯಿ ತೆರೆದು ಮಲಗಿತ್ತು. ದೇವನಿಗೆ ಅರವತ್ತು ದಾಟಿತ್ತು, ಕೈ ಒರೆಸುವ ಬಟ್ಟೆಯೂ ಅಂಗಿಯೂ ಒಂದೇ ಬಣ್ಣಕ್ಕೆ ಬಂದಿದ್ದವು. ಅವನು ಇವಳನ್ನು ನೋಡಿ ಮೊದಲು ಮಾಡಿದ ಕೆಲಸ, ರೇಡಿಯೇಟರಿನ ಮುಚ್ಚಳವನ್ನು ಅವಳ ಅಂಗೈಯಲ್ಲಿಟ್ಟು ಗದರಿದ್ದು. "ಇದರಲ್ಲಿ ಸ್ಪ್ರಿಂಗ್ ಎಲ್ಲಮ್ಮಾ? ಇದು ಕಾರಿಗೆ ಹಾಕೋ ಮುಚ್ಚಳವಾ, ಉಪ್ಪಿನಕಾಯಿ ಜಾಡಿಗಾ?"

ಆ ಮುಚ್ಚಳ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆರು ತಿಂಗಳ ಹಿಂದೆ ರಾಜೇಶ್‌ಕುಮಾರ ಯಜಮಾನಿಕೆ ತೋರಿಸಲು ಹೋಗಿ, ಬಿಸಿ ಇಂಜಿನ್ನಿನ ಮುಚ್ಚಳ ತಿರುಗಿಸಿ, ಹಬೆ ಎಗರಿ ಮುಂಗೈ ಸುಟ್ಟುಕೊಂಡಿದ್ದ. ಸುಟ್ಟ ಕೈಯ ಸಿಟ್ಟಿನಲ್ಲಿ ಆ ಮುಚ್ಚಳವನ್ನು ಚರಂಡಿಗೆ ಎಸೆದು, ಗುಜರಿ ಅಂಗಡಿಯಿಂದ ಸುಮ್ಮನೆ ಮುಚ್ಚುವ ಇದನ್ನು ತಂದು ಹಾಕಿದ. "ಇದರಲ್ಲಿ ಹಬೆ ಕಟ್ಟೋದೇ ಇಲ್ಲ. ಯಾರ ಕೈಯೂ ಸುಡೋದಿಲ್ಲ" ಎಂದು ಹೆಮ್ಮೆಪಟ್ಟ. ಜೀವಿತಾ ಅವತ್ತೇ, "ಬಾವ, ಇದಕ್ಕೆ ಸ್ಪ್ರಿಂಗ್ ಇಲ್ಲ. ಅಪ್ಪನ ವ್ಯಾನಿನದು ಹೀಗಿರಲಿಲ್ಲ" ಎಂದಿದ್ದಳು. "ಮುಳ್ಳು ನಡುವೆ ಇದ್ದರೆ ಇಂಜಿನ್ ಸುಖವಾಗಿದೆ ಅಂತ ತಿಳಿ. ಅಷ್ಟೇ ನೋಡು, ಸಾಕು," ಎಂದು ಅವನು ಅವಳ ಬಾಯಿ ಮುಚ್ಚಿಸಿದ್ದ. ಮುಳ್ಳು ನಿಜಕ್ಕೂ ನಡುವೆಯೇ ಇತ್ತು. ದಿನಾ ಬೆಳಿಗ್ಗೆ ಮೊದಲಿಗಿಂತ ಒಂದು ಚೊಂಬು ನೀರು ಹೆಚ್ಚು ಹಿಡಿಯುತ್ತಿತ್ತು, ಅಷ್ಟೇ. ಅವಳು ಸುರಿದು ಸುಮ್ಮನಾಗಿದ್ದಳು.

"ಸ್ಪ್ರಿಂಗ್ ಅದುಮಿ ಹಿಡಿದಿದ್ದರೆ ಒಳಗಿನ ನೀರು ನೂರು ಡಿಗ್ರಿ ದಾಟಿದರೂ ಕುದಿಯೋದಿಲ್ಲ," ಎಂದ ದೇವ. "ಅದುಮೋದು ಏನೂ ಇಲ್ಲದಿದ್ದರೆ ನಮ್ಮ ಬೆಟ್ಟದ ಮೇಲೆ ತೊಂಬತ್ತೆರಡು, ತೊಂಬತ್ತಮೂರಕ್ಕೇ ಕೊತಕೊತ. ಮೀಟರು ಮಾಡಿದವನು ಕೆಳನಾಡಿನವನು. ಅವನ ಮೀಟರಿಗೆ ತೊಂಬತ್ತಮೂರು ಅಂದರೆ ನಡುಮಧ್ಯ, ಕ್ಷೇಮ. ನೀರು ಕುದ್ದು ಹಾರಿ ಹೋಗ್ತಾ ಇದ್ದರೂ ಅದು ಕ್ಷೇಮ ಅಂತಲೇ ಹೇಳುತ್ತೆ."

ಜೀವಿತಾ ನಿಂತಲ್ಲೇ ನಿಂತಳು. ಅವಳ ಕಣ್ಣ ಮುಂದೆ ಬಂದದ್ದು ಕಾರಲ್ಲ, ಅಡುಗೆಮನೆ. ಬೆಟ್ಟದ ಮೇಲೆ ತೆರೆದ ಪಾತ್ರೆಯಲ್ಲಿ ಅವರೆಕಾಳು ಇಟ್ಟರೆ ನೀರು ಕುಣಿಯುತ್ತದೆ, ಕಾಳು ಕಲ್ಲಾಗಿಯೇ ಇರುತ್ತದೆ. ಕುಕ್ಕರಿಗೆ ಹಾಕಿ ಮೇಲೆ ವೆಯ್ಟು ಇಟ್ಟರೆ ತಾನೆ ಬೇಯುವುದು? ವೆಯ್ಟು ಕಳೆದುಹೋದ ದಿನ ಹಟ್ಟಿಯ ಹೆಂಗಸರು ಮನೆಮನೆಗೆ ಓಡಿ ಎರವಲು ತರುತ್ತಾರೆ. ಬೆಟ್ಟದಲ್ಲಿ ಹುಟ್ಟಿದ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ತನಗೂ ಗೊತ್ತಿತ್ತು. ಗೊತ್ತಿದ್ದೂ ಬಾನೆಟ್ಟಿನ ಕೆಳಗೆ ಅದನ್ನು ಗುರುತು ಹಿಡಿಯಲಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

"ದೇವಣ್ಣ, ಮೀಟರಿಗೆ ಬಿಸಿ ತಿಳಿಸೋ ಸೆನ್ಸರ್ ಇದೆಯಲ್ಲ, ಹಳೇದೊಂದು ಕೊಡ್ತೀರಾ? ಎರಡು ತುಂಡು ವೈರೂ ಬೇಕು," ಎಂದಳು.

ಸೋಮವಾರ ನ್ಯಾಯ ತೀರ್ಮಾನಕ್ಕೆ ಊರ ಕೂಟ ಸೇರಿತು. ಹಳಬರು ಆ ದಿನ ಮಣ್ಣಿನ ಕೆಲಸಕ್ಕೆ ಇಳಿಯುವುದಿಲ್ಲ, ಆದ್ದರಿಂದ ಎಲ್ಲರೂ ಇದ್ದರು. ಊರ ಮುಂದಿನ ಕಲ್ಲುಕಟ್ಟೆಯ ಮೇಲೆ ಹಿರಿಯ ಮಲ್ಲಗೌಡರು, ಸುತ್ತ ಗಂಡಸರು, ಒಂದು ಬದಿಗೆ ಹೆಂಗಸರು. ದುರಸ್ತಿಯಾಗಿ ಹಿಂದಿನ ದಿನವಷ್ಟೇ ಬಂದಿದ್ದ ಕಾರು ಹುಲ್ಲಿನ ಮೇಲೆ ನಿಂತಿತ್ತು. ಮಾತಿ ಕಂಬಳಿ ಹೊದ್ದು ಬಿಸಿಲಿನಲ್ಲಿ ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

ರಾಜೇಶ್‌ಕುಮಾರ ಎದ್ದು ತನ್ನ ಕಥೆ ಹೇಳಿದ. ಹದಿನಾರು ದಿನ ಹೇಳಿ ಹೇಳಿ ಅದು ನುಣುಪಾಗಿತ್ತು. "ಮೀಟರು ಇಟ್ಟಿರೋದು ನೋಡೋದಕ್ಕೆ. ನೋಡಿದ್ದರೆ ಗೊತ್ತಾಗ್ತಿತ್ತು. ಈ ಕೀ ಇನ್ನು ಅವಳಿಗೆ ಬೇಡ," ಎಂದು ಕೀಯನ್ನು ಗೌಡರ ಮುಂದೆ ಕಟ್ಟೆಯ ಮೇಲಿಟ್ಟ.

"ನಿನಗೇನಾದರೂ ಹೇಳೋದಿದೆಯಾ?" ಗೌಡರು ಜೀವಿತಾಳನ್ನು ಕೇಳಿದರು.

"ಹೇಳೋದಿಲ್ಲ ಮಾಮ. ತೋರಿಸ್ತೇನೆ. ನೀವೇ ಬಂದು ಡ್ರೈವರ್ ಸೀಟಲ್ಲಿ ಕೂತುಕೊಳ್ಳಿ, ಕೀನೂ ತನ್ನಿ."

ಕೂಟದಲ್ಲಿ ಗುಜುಗುಜು ಎದ್ದಿತು. ಗೌಡರಿಗೆ ಎಂಬತ್ತೊಂದು ವರ್ಷ, ಆ ಸೀಟಿನಲ್ಲಿ ಎಂದೂ ಕೂತವರಲ್ಲ. ಆದರೂ ಬಿಳಿ ಹೊದಿಕೆ ಸರಿಮಾಡಿಕೊಂಡು ಎದ್ದರು, ಬಹುಶಃ ಬಹಳ ದಿನದಿಂದ ಆಸೆ ಇತ್ತೇನೋ. ಜೀವಿತಾ ಒಂಟಿ ಉರಿಯ ಗ್ಯಾಸ್ ಒಲೆಯನ್ನು ಕಾರಿನ ಮುಂದೆ ಇಟ್ಟು, ಅದರ ಮೇಲೆ ಮನೆಯ ದೊಡ್ಡ ಟೀ ಕೆಟ್ಟಲಿನಲ್ಲಿ ನೀರು ಕಾಯಲಿಟ್ಟಳು. ಬಾನೆಟ್ಟು ಎತ್ತಿ, ಇಂಜಿನ್ನಿನ ಸೆನ್ಸರಿನ ವೈರು ಬಿಡಿಸಿ, ದೇವ ಕೊಟ್ಟ ಹಳೇ ಸೆನ್ಸರಿಗೆ ಸೇರಿಸಿದಳು. ಇನ್ನೊಂದು ವೈರಿನಿಂದ ಅದರ ಹಿತ್ತಾಳೆಯ ಮೈಯನ್ನು ಇಂಜಿನ್ನಿನ ಕಬ್ಬಿಣಕ್ಕೆ ಕಟ್ಟಿದಳು. ನೀರು ಕೊತಕೊತ ಕುದಿಯತೊಡಗಿದಾಗ ಆ ಸೆನ್ಸರಿನ ಹಿತ್ತಾಳೆಯ ಬುರುಡೆಯನ್ನು ಕೆಟ್ಟಲಿನೊಳಗೆ ಇಳಿಬಿಟ್ಟಳು.

"ಕೀ ತಿರುಗಿಸಿ ಮಾಮ. ಒಂದೇ ಸುತ್ತು. ಮುಳ್ಳು ಎಲ್ಲಿಗೆ ಬಂತು, ಎಲ್ಲರಿಗೂ ಕೇಳೋ ಹಾಗೆ ಹೇಳಿ."

"ಏರ್ತಾ ಇದೆ," ಎಂದರು ಗೌಡರು. ಸ್ವಲ್ಪ ತಡೆದು, "ನಿಂತಿತು. ನಡುವೆ."

"ಕೆಂಪು ಗೆರೆಗೆ?"

"ಇಲ್ಲ. ಕೆಂಪಿಗೆ ದೂರ ಇದೆ. ನಡುಮಧ್ಯ."

ಜೀವಿತಾ ಕೂಟದ ಕಡೆ ತಿರುಗಿದಳು. "ಎಲ್ಲರೂ ಬಂದು ನೋಡಿ. ಕೆಟ್ಟಲಿನಲ್ಲಿ ನೀರು ಉಕ್ಕಿ ಬೀಳ್ತಾ ಇದೆ. ಮೀಟರಿನಲ್ಲಿ ಇಂಜಿನ್ ಸುಖವಾಗಿದೆ. ಅವತ್ತು ನಾನು ನೋಡಿದ್ದು ಇದನ್ನೇ." ಸೆರಗಿನ ಗಂಟಿನಿಂದ ಸ್ಪ್ರಿಂಗ್ ಇಲ್ಲದ ಮುಚ್ಚಳ ತೆಗೆದು ಎತ್ತಿ ಹಿಡಿದಳು. "ಈ ಕಾರಿಗೆ ಆರು ತಿಂಗಳಿಂದ ಹಾಕಿದ್ದು ಇದೇ ಮುಚ್ಚಳ."

ಗಂಡಸರು ಮುಚ್ಚಳವನ್ನು ಕೈಯಿಂದ ಕೈಗೆ ದಾಟಿಸಿ, ತಿರುಗಿಸಿ ನೋಡಿ, ತಲೆ ಕೆರೆದುಕೊಂಡರು. ಅದು ಹೆಂಗಸರ ಕಡೆ ಬಂದು ಪಂಕಜಂ ಕೈಗೆ ಸಿಕ್ಕಿತು. ಒಳಬದಿ ನೋಡಿ ಅವಳು ಒಂದು ಗಳಿಗೆಯೂ ತಡೆಯಲಿಲ್ಲ.

"ಅಯ್ಯೋ, ವೆಯ್ಟು ಇಲ್ಲದ ಕುಕ್ಕರು!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಒಬ್ಬ ಮುದುಕಿ, "ಅದರಲ್ಲಿ ಅವರೆ ಬೇಯಿಸಿದ ಪುಣ್ಯಾತ್ಮ ಯಾರು?" ಎಂದಳು. ರಾಜೇಶ್‌ಕುಮಾರನ ಮುಂಗೈಯ ಸುಟ್ಟ ಕಲೆಯ ಕಥೆ ಎಲ್ಲರಿಗೂ ಗೊತ್ತಿತ್ತು. ಎಲ್ಲರ ಕಣ್ಣೂ ಅಲ್ಲಿಗೆ ಹೋಯಿತು. ಅವನು ಅಂಗಿಯ ತೋಳನ್ನು ಎಳೆದುಕೊಂಡ.

"ಇನ್ನೊಂದು ನೋಡಿ," ಎಂದು ಜೀವಿತಾ ಬುರುಡೆಯನ್ನು ನೀರಿನಿಂದ ಮೇಲೆತ್ತಿ ಹಿಡಿದಳು. ಗೌಡರು ಹೇಳುತ್ತ ಹೋದರು. "ಇಳೀತಾ ಇದೆ... ಇಳೀತು. ತಣ್ಣಗೆ ಅಂತ ತೋರಿಸ್ತಾ ಇದೆ."

"ನೀರು ಖಾಲಿಯಾದರೆ ಮುಳ್ಳು ಇಳಿಯುತ್ತೆ ಮಾಮ. ಇಂಜಿನ್ ಸುಡ್ತಾ ಇದ್ದರೂ ಇಳಿಯುತ್ತೆ."

"ಇದು ಮೋಸ," ರಾಜೇಶ್‌ಕುಮಾರ ಗುಡುಗಿದ. "ನೀನು ಹೊರಗಿನ ಚಳಿಗಾಳಿಗೆ ಹಿಡಿದೆ, ಇಳಿಯಿತು. ಇಂಜಿನ್ ಒಳಗೆ ಗಾಳಿಯೂ ಬಿಸಿಯಾಗಿಯೇ ಇರುತ್ತೆ. ಇಳಿಯೋದು ಹೇಗೆ?"

ಜೀವಿತಾ ಬಾಯಿ ತೆರೆಯುವುದರೊಳಗೆ ಗಂಡಸರ ಸಾಲಿನ ಹಿಂದಿನಿಂದ ಒಂದು ದನಿ ಬಂತು. ಹದಿನಾರು ದಿನ ಅವಳು ಕೇಳಬೇಕೆಂದು ಕಾದಿದ್ದ ದನಿ. "ಅಣ್ಣ, ನಾನು ದಿನಾ ಉರಿಯೋ ಒಲೆಯೊಳಗೆ ಕೈ ಹಾಕಿ ವರ್ಕಿ ತಟ್ಟೆ ತೆಗೀತೇನೆ," ಎಂದ ದಿನೇಶ. "ಒಳಗಿನ ಗಾಳಿ ಕುದಿಯೋ ನೀರಿಗಿಂತ ಎರಡು ಪಾಲು ಬಿಸಿ. ಕೈ ಸುಡೋದಿಲ್ಲ. ಆ ಕೆಟ್ಟಲಿನಲ್ಲಿ ಒಂದು ಬೆರಳು ಅದ್ದಿದರೆ ಬೆರಳೇ ಇರೋದಿಲ್ಲ. ನೀರು ಮುಟ್ಟಿಸೋ ಹಾಗೆ ಗಾಳಿ ಬಿಸಿ ಮುಟ್ಟಿಸೋದಿಲ್ಲ."

ಅಷ್ಟು ಹೇಳಿ ಅವನ ಕಿವಿ ಕೆಂಪಾಯಿತು. ಜೀವಿತಾ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು, ಈಗ ಅಳುವ ಹೊತ್ತಲ್ಲ.

ಗೌಡರು ಕಾರಿನಿಂದ ಇಳಿದು ಕಟ್ಟೆಗೆ ಬಂದು ಕೂತರು. ಇಂಥ ಜಗಳಗಳನ್ನು ಐವತ್ತು ವರ್ಷದಿಂದ ಮುಗಿಸುತ್ತ ಬಂದವರು, ಹೇಗೆ ಮುಗಿಸಬೇಕೆಂದು ಅವರಿಗೆ ಅಭ್ಯಾಸವಾಗಿತ್ತು. "ಸರಿ. ಮುಚ್ಚಳದ ವಿಷಯ ಅವನಿಗೆ ತಿಳಿದಿರಲಿಲ್ಲ. ಮೀಟರು ಸುಳ್ಳು ಹೇಳಿತು, ಇವಳಿಗೂ ತಿಳಿಯಲಿಲ್ಲ. ಯಾರ ತಪ್ಪೂ ಅಲ್ಲ. ಅವ್ವೆ ಬದುಕಿ ಬಂದಳಲ್ಲ, ಅಷ್ಟು ಸಾಕು. ಜೀವಿತಾ, ಬಾ. ಬಾವನ ಮುಂದೆ ತಲೆ ಬಗ್ಗಿಸು, ಅವನು ಹರಸಲಿ. ಕೀ ತಗೊಂಡು ಹೋಗು."

ಹಟ್ಟಿಯ ಪದ್ಧತಿ ಅದು. ಕಿರಿಯರು ತಲೆ ಬಾಗುತ್ತಾರೆ, ಹಿರಿಯರು ನೆತ್ತಿ ಮುಟ್ಟಿ ಹರಸುತ್ತಾರೆ, ಅಲ್ಲಿಗೆ ಜಗಳ ಸತ್ತಿತೆಂದು ಅರ್ಥ. ಆಮೇಲೆ ಯಾರೂ ಅದನ್ನು ಎತ್ತುವಂತಿಲ್ಲ. ರಾಜೇಶ್‌ಕುಮಾರನ ಮುಖ ಸಡಿಲವಾಯಿತು. ಕೈಯನ್ನು ಆಗಲೇ ಅರ್ಧ ಎತ್ತಿದ್ದ.

ಕೀ ಕಟ್ಟೆಯ ಮೇಲೆ ಹೊಳೆಯುತ್ತಿತ್ತು. ಒಂದು ಸಲ ಬಾಗಿದರೆ ಸಾಕಿತ್ತು.

"ಇಲ್ಲ ಮಾಮ," ಎಂದಳು ಜೀವಿತಾ. "ಎನಗೆ ತಿಳಿಯಲಿಲ್ಲ ಅಂದಿರಲ್ಲ, ಅದು ಸುಳ್ಳು. ಮುಳ್ಳು ಬಿದ್ದ ಕೂಡಲೇ ತಿಳಿಯಿತು. ನೀರು ಹೋಗಿದೆ, ನಿಲ್ಲಿಸ್ತೇನೆ ಅಂದೆ. ಓಡಿಸು ಅಂದವರು ಬಾವ. ಅವರು ಮೊದಲು ಅದನ್ನು ಹೇಳಲಿ. ಆಮೇಲೆ ತಲೆ ಬಗ್ಗಿಸ್ತೇನೆ."

"ಎಂಥ ಸುಳ್ಳು!" ರಾಜೇಶ್‌ಕುಮಾರನ ದನಿ ಏರಿತು. "ಅವಳು ಬಾಯಿ ಬಿಡಲಿಲ್ಲ. ಕಾರಲ್ಲಿ ಇದ್ದದ್ದು ನಾವು ಮೂವರು. ಅವ್ವೆಗೆ ಪ್ರಜ್ಞೆ ಇರಲಿಲ್ಲ. ಸಾಕ್ಷಿ ಎಲ್ಲಿದೆ, ತರಲಿ!"

ಕೆಟ್ಟಲು ಇನ್ನೂ ಕುದಿಯುತ್ತಿತ್ತು. ಜೀವಿತಾ ಅದರ ಕಡೆ ನೋಡಿದಳು. ನೀರು, ಮುಚ್ಚಳ, ಮುಳ್ಳು ಎಲ್ಲವನ್ನೂ ತೋರಿಸಬಹುದು. ಆಡಿದ ಮಾತನ್ನು ಯಾವ ಕೆಟ್ಟಲಿನಲ್ಲಿ ಅದ್ದಿ ತೋರಿಸುವುದು?

"ಎನಗೆ ಉಸಿರು ಇರಲಿಲ್ಲ," ಎಂದಿತು ಕಂಬಳಿಯೊಳಗಿನಿಂದ ಒಂದು ಸಣ್ಣ ದನಿ. "ಕಿವಿ ಇತ್ತು."

ಎಲ್ಲರೂ ತಿರುಗಿದರು. ಮಾತಿ ಕಣ್ಣು ತೆರೆದಿದ್ದಳು. ಒಂದೊಂದು ಮಾತಿಗೂ ನಿಂತು ಗಾಳಿ ಎಳೆದುಕೊಂಡು ಹೇಳಿದಳು. "ನಿಲ್ಲಿಸ್ತೇನೆ ಬಾವ ಅಂದಳು. ಕೇಳಿತು. ನೀ ಕಿರುಚಿದೆ, ಓಡಿಸು ಅಂದೆ. ಅದೂ ಕೇಳಿತು. ಮಗ ಅಂತ ಇಷ್ಟು ದಿನ ಸುಮ್ಮನಿದ್ದೆ. ನೀನೇ ಹೇಳ್ತೀಯ, ಇವತ್ತು ಹೇಳ್ತೀಯ ಅಂತ ಕಾದೆ." ಮಗನ ಕಡೆ ಕೈ ತೋರಿಸಿದಳು. "ಹೇಳು ಈಗ."

ರಾಜೇಶ್‌ಕುಮಾರ ನೆಲ ನೋಡಿದ. ಬಾಯೊಳಗೇ ಏನೋ ಗೊಣಗಿದ.

"ಗೌಡರಿಗೆ ಕಿವಿ ಸ್ವಲ್ಪ ಮಂದ ಬಾವ," ಎಂದಳು ಜೀವಿತಾ. "ಹಟ್ಟಿಗೆಲ್ಲ ನನ್ನ ಕಥೆ ಹೇಳಿದಿರಲ್ಲ, ಅಷ್ಟೇ ಜೋರಾಗಿ ಹೇಳಿ."

ಅವನು ತಲೆ ಎತ್ತಿದ. ಒಂದು ಕ್ಷಣ ಹೊಡೆಯುತ್ತಾನೇನೋ ಎನ್ನುವ ಹಾಗಿತ್ತು ಮುಖ. ಆಮೇಲೆ ತಾಯಿಯ ಕಡೆ ನೋಡಿದ, ಮುಖ ಮುರಿದುಬಿತ್ತು. "ನಿಲ್ಲಿಸ್ತೇನೆ ಅಂದಳು," ಎಂದ, ಎಲ್ಲರಿಗೂ ಕೇಳುವ ಹಾಗೆ. "ನಾನೇ ಓಡಿಸು ಅಂದೆ. ಅವ್ವೆ ಹೋಗಿಬಿಡ್ತಾಳೆ ಅಂತ ಹೆದರಿದ್ದೆ. ಮುಚ್ಚಳ ಹಾಕಿದ್ದೂ ನಾನೇ. ಇವಳು ಬೇಡ ಅಂದಿದ್ದಳು."

ಜೀವಿತಾ ಮುಂದೆ ಬಂದು ತಲೆ ಬಾಗಿದಳು. ಬಾವನ ಮುಂದೆ ಅಲ್ಲ, ಕುರ್ಚಿಯಲ್ಲಿದ್ದ ಮಾತಿಯ ಮುಂದೆ. ಮುದುಕಿಯ ಕೈ ನೆತ್ತಿಯ ಮೇಲೆ ಬಹಳ ಹೊತ್ತು ಇತ್ತು. ಅದು ಪದ್ಧತಿ ಅಲ್ಲ ಎಂದು ಗೌಡರು ಹೇಳಬಹುದಾಗಿತ್ತು. ಹೇಳಲಿಲ್ಲ. ಕಟ್ಟೆಯ ಮೇಲಿದ್ದ ಕೀಯನ್ನು ತಾವೇ ಎತ್ತಿ ಅವಳ ಕಡೆ ಚಾಚಿದರು.

ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ.

"ಅರ್ಧ ಮೈಲಿ ಓಡಿಸಿದ್ದು ನನ್ನ ಕಾಲು ಮಾಮ. ಅದು ನನ್ನ ತಪ್ಪು, ಅದನ್ನೂ ಎಲ್ಲರೂ ಕೇಳಿಸಿಕೊಳ್ಳಿ," ಎಂದಳು. "ಕೀ ತಗೊಳ್ತೇನೆ. ಆದರೆ ಇನ್ನು ಮೇಲೆ ನಿಲ್ಲಿಸಬೇಕು ಅನ್ನಿಸಿದ ಕಡೆ ನಿಲ್ಲಿಸ್ತೇನೆ. ಹಿಂದಿನ ಸೀಟಲ್ಲಿ ಯಾರು ಕೂತಿದ್ದರೂ."